ಅಗಳಿ ಯಾವ ಕಡೆಗಿರಬೇಕು?

ಮನೆಯ ಒಂದು ಕೋಣೆಯನ್ನು ಹೇಗೆ ಜೋಡಿಸಬೇಕು, ಅದಕ್ಕಾಗಿ ಇಂಟೀರಿಯರ್ ಡಿಸೈನರ್ ಅನ್ನುವವರನ್ನು ಕರೆಸಿದಾಗ ಅವರ ಜೊತೆ ಏನು ಮಾತಾಡಬೇಕು ಅನ್ನೋದನ್ನ ಇಂಥ ಪತ್ರಿಕೆಯಲ್ಲಿ ಚರ್ಚೆಗೆ ಎತ್ತಿಕೊಂಡರೆ ನಗುವ ಗೆಳೆಯರಿದ್ದಾರೆ. ತಲೆ ಮೇಲೆ ಸೂರಿಲ್ಲದ ಜನರ ಪತ್ರಿಕೆಗೆ ಇದೆಂಥ ಶೋಕಿ ಬಂತು ಅಂತ ಸಿಟ್ಟಾಗುವವರೂ ಇದ್ದಾರೆ. ಅವರ ಸಿಟ್ಟನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಆ ಸಿಟ್ಟಿನೊಳಗೆ ಒಂದು ನಂಬಿಕೆ ಅಡಗಿ ಕೂತಿದೆ: ಗೋಡೆ ಮತ್ತು ಸೂರು ರಾಜಕೀಯದ ವಿಷಯ, ಗೋಡೆಯೊಳಗಿನದು ಬರೀ ಅಲಂಕಾರದ ವಿಷಯ ಅಂತ. ಅದನ್ನು ಮಾತ್ರ ನಾವು ಒಪ್ಪುವುದಿಲ್ಲ. ಜಾತಿ ಬೀದಿಯಲ್ಲಿ ನಿಂತು ಕೂಗಾಡಿದ್ದಕ್ಕಿಂತ ಹೆಚ್ಚಾಗಿ ಮನೆಯೊಳಗೆ ಸದ್ದಿಲ್ಲದೆ ಸಂಸಾರ ಮಾಡಿಕೊಂಡು ಬಂದಿದೆ.

೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ೧೯೫೫ರ ಕಾಯ್ದೆ ಹೋಟೆಲು, ಅಂಗಡಿ, ಬಾವಿ, ಗುಡಿಗಳ ಬಾಗಿಲನ್ನು ಕಾಗದದ ಮೇಲಾದರೂ ತೆರೆಸಿತು. ಆದರೆ ಯಾರನ್ನು ನಡುಮನೆಗೆ ಕರೆಯಬೇಕು, ಯಾರಿಗೆ ಯಾವ ಲೋಟದಲ್ಲಿ ನೀರು ಕೊಡಬೇಕು ಅಂತ ಹೇಳೋದಕ್ಕೆ ಯಾವ ಕಾಯ್ದೆಗೂ ಬರುವುದಿಲ್ಲ. ಸರ್ಕಾರದ ಕಾನೂನು ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತುಬಿಡುತ್ತದೆ. ಅಲ್ಲಿಂದ ಒಳಗೆ ನಡೆಯುವುದು ಮನೆಯ ನಕ್ಷೆಯ ಕಾನೂನು.

ನಮ್ಮ ಹಳ್ಳಿಗಳ ದೊಡ್ಡ ಮನೆಗಳನ್ನು ನೆನೆಸಿಕೊಳ್ಳಿ. ಅಂಗಳ, ಜಗಲಿ, ಹಜಾರ, ನಡುಮನೆ, ಅಡುಗೆಮನೆ, ದೇವರಮನೆ, ಹಿತ್ತಲು. ಇವು ಬರೀ ಜಾಗದ ಹೆಸರುಗಳಲ್ಲ, ಯಾರು ಎಲ್ಲಿಗೆ ನಿಲ್ಲಬೇಕು ಅನ್ನುವ ಗೆರೆಗಳು. ಕುಳವಾಡಿ ಬಂದರೆ ಅಂಗಳದಲ್ಲೇ ನಿಂತು ಕೂಗಬೇಕು. ಒಕ್ಕಲಿನವನು ಜಗಲಿಯ ಅಂಚಿಗೆ ಕುಂಡಿ ಊರಬಹುದು. ಸ್ವಂತ ಜಾತಿಯವನು ಹಜಾರದ ಕಂಬಕ್ಕೆ ಒರಗಬಹುದು. ನೆಂಟ ನಡುಮನೆಯಲ್ಲಿ ಎಲೆ ಹಾಕಿಸಿಕೊಳ್ಳಬಹುದು. ಮನೆಯ ಹೆಂಗಸೇ ತಿಂಗಳಿಗೆ ಮೂರು ದಿನ ಹಿತ್ತಲ ಕಡೆಯ ಮೂಲೆಗೆ ಹೋಗಬೇಕು. ಇಷ್ಟನ್ನೂ ಯಾರೂ ಬೋರ್ಡು ಬರೆದು ನೇತುಹಾಕಿರಲಿಲ್ಲ. ಹೊಸ್ತಿಲು ಹೇಳುತ್ತಿತ್ತು, ತಗ್ಗು ಬಾಗಿಲು ಹೇಳುತ್ತಿತ್ತು, ಮೆಟ್ಟಿಲು ಹೇಳುತ್ತಿತ್ತು. ಕಲ್ಲು ಹೊತ್ತು, ಮಣ್ಣು ತುಳಿದು ಆ ಮನೆ ಕಟ್ಟಿದವರು ಗೃಹಪ್ರವೇಶದ ದಿನ ಅಂಗಳಕ್ಕೆ ಇಳಿಯುತ್ತಿದ್ದರು. ಇದಕ್ಕಿಂತ ನಿಷ್ಠುರವಾದ ಒಳಾಂಗಣ ವಿನ್ಯಾಸ ಜಗತ್ತಿನಲ್ಲಿ ಇನ್ನೆಲ್ಲಿ ಇದೆಯೋ ನಮಗೆ ಕಾಣದು.

ಇದಕ್ಕೆ ಶಾಸ್ತ್ರವೂ ಇದೆ. ಚಂಡಾಲರ ವಾಸ ಊರ ಹೊರಗಿರಬೇಕು ಅಂದ ಮನುವಿನ ಮಾತು ಎಲ್ಲರಿಗೂ ಗೊತ್ತು. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತು ಅಧ್ಯಾಯ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಲ್ಲಿ ಮನೆಯ ಅಗಲವನ್ನೇ ವರ್ಣದ ಮೇಲೆ ಗೊತ್ತುಮಾಡಿದ್ದಾನೆ. ಬ್ರಾಹ್ಮಣನಿಗೆ ೩೨ ಮೊಳ, ಆಮೇಲೆ ಮೆಟ್ಟಿಲಿಗೆ ನಾಲ್ಕು ಮೊಳ ಕಡಿಮೆ ಮಾಡುತ್ತ ೨೮, ೨೪, ೨೦, ಕಟ್ಟಕಡೆಯವರಿಗೆ ೧೬. ಮನೆ ಕಟ್ಟುವ ನೆಲದ ಬಣ್ಣ ಕೂಡ ಹಂಚಿಕೆಯಾಗಿದೆ: ಬಿಳಿ, ಕೆಂಪು, ಹಳದಿ, ಕಪ್ಪು. ಇವತ್ತು ನಮ್ಮ ಪೇಟೆಗಳಲ್ಲಿ ವಾಸ್ತು ನೋಡಿ ಬಾಗಿಲು ಕಿತ್ತು ಬಾಗಿಲು ಇಡಿಸುವ ಮಂದಿ ಈ ಅಳತೆಗಳ ಬಗ್ಗೆ ಬಾಯಿಬಿಡುವುದಿಲ್ಲ. ಈಶಾನ್ಯ, ಆಗ್ನೇಯ ಅಂತ ದಿಕ್ಕನ್ನು ಮಾತ್ರ ಉಳಿಸಿಕೊಂಡಿದ್ದಾರೆ. ನಮ್ಮವರೂ ಸಾಲ ಮಾಡಿ ಆ ದಿಕ್ಕುಗಳನ್ನು ಕೊಂಡುಕೊಳ್ಳುತ್ತಿದ್ದಾರೆ. ೧೬ ಮೊಳದವರ ಮಕ್ಕಳು ೩೨ ಮೊಳದವರ ಶಾಸ್ತ್ರಕ್ಕೆ ದಕ್ಷಿಣೆ ಕೊಡುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ಹಾಗಂತ ಹೊಸ ಕಾಲದ ನಕ್ಷೆ ಇದರಿಂದ ಬಿಡುಗಡೆ ಪಡೆದಿದೆ ಅಂದುಕೊಳ್ಳಬೇಡಿ. ಸ್ವತಂತ್ರ ಭಾರತದ ಆಧುನಿಕತೆಯ ಗುರುತು ಅಂತ ಕಟ್ಟಿದ ಊರು ಚಂಡೀಗಢ. ಅಲ್ಲಿ ಸರ್ಕಾರಿ ನೌಕರರ ಮನೆಗಳನ್ನು ಮೊದಲಿಗೆ ೧೩ ದರ್ಜೆಗಳಲ್ಲಿ ಬರೆದರು. ಒಂದನೆಯದು ಮುಖ್ಯಮಂತ್ರಿಗೆ, ಹದಿಮೂರನೆಯದು ಜವಾನರಿಗೆ. ವರ್ಣದ ಜಾಗದಲ್ಲಿ ಸಂಬಳ ಬಂತು, ಮೆಟ್ಟಿಲು ಮೆಟ್ಟಿಲಾಗಿಯೇ ಉಳಿಯಿತು. ಆ ಊರಿನ ದೊಡ್ಡ ಶಿಲ್ಪಿ ಲ ಕಾರ್ಬೂಸಿಯೆ ತನ್ನ ಕಟ್ಟಡಗಳನ್ನು ಅಳೆಯಲು ಮಾಡ್ಯುಲರ್ ಅನ್ನುವ ಒಂದು ಅಳತೆಗೋಲು ಮಾಡಿಕೊಂಡಿದ್ದ. ಅದು ಒಬ್ಬ ಗಂಡಸಿನ ದೇಹ. ಮೊದಲು ೧.೭೫ ಮೀಟರ್ ಎತ್ತರದವನು, ಆಮೇಲೆ ೧.೮೩ ಮೀಟರ್, ಅಂದರೆ ಆರಡಿ. ಯಾಕೆ ಆರಡಿ? ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಬರುವ ಪೊಲೀಸರಂಥ ಚೆಲುವ ಗಂಡಸರು ಆರಡಿ ಇರುತ್ತಾರಂತೆ! ನಾಲ್ಕಡಿ ಹತ್ತು ಇಂಚಿನ ನಮ್ಮ ಅವ್ವಂದಿರು ಅಡುಗೆಮನೆಯ ಮೇಲಿನ ಕಪಾಟಿಗೆ ಕೈ ಎಟುಕದೆ ಸ್ಟೂಲು ಹತ್ತುವುದನ್ನು ಕಂಡಾಗಲೆಲ್ಲ ಆ ಕಾಣದ ಪೊಲೀಸಿನವನು ನಮ್ಮ ಮನೆಯೊಳಗೆ ನಿಂತಿದ್ದಾನೆ ಅನ್ನಿಸುತ್ತದೆ.

ದುರುದ್ದೇಶದಿಂದಲೇ ಹೀಗಾಗುತ್ತದೆ ಅಂತಲೂ ಅಲ್ಲ. ಇವತ್ತು ಬೀದಿಬೀದಿಯಲ್ಲಿ ಮಾರುವ ಮಾಡ್ಯುಲರ್ ಕಿಚನ್ನಿನ ಅಜ್ಜಿ ಅನ್ನಬಹುದಾದ್ದು ಜರ್ಮನಿಯ ಫ್ರಾಂಕ್‌ಫರ್ಟ್ ಅಡುಗೆಮನೆ. ೧೯೨೬ರಲ್ಲಿ ಅದನ್ನು ರೂಪಿಸಿದ್ದು ಮಾರ್ಗರೆಟೆ ಶ್ಯುಟ್ಟೆ-ಲಿಹೊಟ್ಸ್ಕಿ ಅನ್ನುವ ಮಹಿಳೆ. ದುಡಿಯುವ ವರ್ಗದ ಹೆಂಗಸರ ಹೆಜ್ಜೆ ಉಳಿಯಲಿ, ಹೊತ್ತು ಉಳಿಯಲಿ ಅಂತ ಗಡಿಯಾರ ಹಿಡಿದು ಲೆಕ್ಕ ಹಾಕಿ, ೧.೯ ಮೀಟರಿಗೆ ೩.೪ ಮೀಟರಿನ ಪುಟ್ಟ ಜಾಗದಲ್ಲಿ ಎಲ್ಲವನ್ನೂ ಕೈಗೆಟುಕುವಂತೆ ಜೋಡಿಸಿದಳು. ಸುಮಾರು ೧೦,೦೦೦ ಮನೆಗಳಿಗೆ ಅದು ಹೋಯಿತು. ಆಕೆ ಕಮ್ಯುನಿಸ್ಟಳು, ಮುಂದೆ ನಾಜಿಗಳ ಸೆರೆಮನೆಯಲ್ಲಿ ವರ್ಷಗಟ್ಟಲೆ ಕಳೆದವಳು. ಆಕೆಯ ನಿಯತ್ತನ್ನು ಸಂಶಯಿಸುವ ಯೋಗ್ಯತೆ ನಮಗಿಲ್ಲ. ಆದರೆ ಆಕೆಯೇ ಮುಂದೆ ಹೇಳಿಕೊಂಡಂತೆ, ಆ ನಕ್ಷೆ ಬರೆಯುವ ತನಕ ಆಕೆ ಅಡುಗೆ ಮಾಡಿದವಳೇ ಅಲ್ಲ, ಮನೆ ನಡೆಸಿದವಳೂ ಅಲ್ಲ. ಒಬ್ಬಳೇ ನಿಂತು ದುಡಿಯುವ ಹಾಗೆ ಅಡುಗೆಮನೆ ಚೊಕ್ಕವಾಯಿತು. ಮಗುವನ್ನು ಕಣ್ಣಳತೆಯಲ್ಲಿ ಆಡಿಸಿಕೊಂಡು, ಅಲ್ಲೇ ಕೂತು ಉಂಡು, ನಾಲ್ಕು ಮಾತಾಡುವ ಜಾಗ ಹೋಯಿತು. ಜನರ ಪರವಾಗಿ ಬರೆಯುವುದು ಬೇರೆ, ಜನರನ್ನು ಕೇಳಿ ಬರೆಯುವುದು ಬೇರೆ. ಇದು ಬಂಡಾಯದ ಲೇಖಕರಾದ ನಮಗೂ ಚುಚ್ಚಬೇಕಾದ ಮಾತು. ಇರಲಿ.

ಈಗ ನಮ್ಮ ಬಳಗದ ಒಂದು ಕೋಣೆಯ ವಿಷಯಕ್ಕೆ ಬರುತ್ತೇವೆ. ನಮ್ಮ ಗೆಳೆಯರೊಬ್ಬರು ಮೈಸೂರು ಸೀಮೆಯ ತಾಲ್ಲೂಕು ಊರೊಂದರಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಹೆಂಡತಿ ಅಂಗನವಾಡಿ ಕಾರ್ಯಕರ್ತೆ. ಬ್ಯಾಂಕ್ ಸಾಲ ತೆಗೆದು ತಮ್ಮ ಸೈಟಿನಲ್ಲಿ ಮನೆ ಎಬ್ಬಿಸಿದರು. ಅದರಲ್ಲಿ ೧೦ ಅಡಿಗೆ ೧೧ ಅಡಿಯ ಒಂದು ಕೋಣೆ ಉಳಿಯಿತು. ಆ ಕೋಣೆಗೆ ನಾಲ್ಕು ಜನ ಬಾಯಿ ತೆರೆದುಕೊಂಡು ಕಾದಿದ್ದರು. ಮೇಷ್ಟ್ರ ಅಪ್ಪ, ಮಲಗೋದಕ್ಕೆ. ಪಿಯುಸಿ ಓದುವ ಮಗಳು, ಓದೋದಕ್ಕೆ. ಮೇಷ್ಟ್ರ ಸಾವಿರ ಚಿಲ್ಲರೆ ಪುಸ್ತಕಗಳು. ನಾಲ್ಕನೆಯವರು ನಾವು, ಭಾನುವಾರ ಕೂತು ಚರ್ಚೆ ಮಾಡೋದಕ್ಕೆ. ಇಷ್ಟನ್ನು ಒಂದು ಕೋಣೆಯಲ್ಲಿ ಹೊಂದಿಸುವುದು ಮೇಷ್ಟ್ರ ಕೈಲಾಗುವ ಕೆಲಸವಲ್ಲ ಅಂತ ಮೈಸೂರಿನಿಂದ ಒಬ್ಬ ಡಿಸೈನರ್ ಹುಡುಗಿಯನ್ನು ಕರೆಸಿದರು. ಚೆನ್ನಾಗಿ ಓದಿದ, ಸಭ್ಯವಾಗಿ ಮಾತಾಡುವ ಹುಡುಗಿ. ಲೇಸರ್ ಟೇಪಿನಲ್ಲಿ ಗೋಡೆ ಅಳೆದಳು, ಕಿಟಕಿ ಎಷ್ಟೆತ್ತರ, ಸ್ವಿಚ್ಚು ಎಲ್ಲಿ ಎಲ್ಲ ಬರಕೊಂಡಳು. ವಾರ ಬಿಟ್ಟು ಕಂಪ್ಯೂಟರಿನಲ್ಲಿ ಫೋಟೋದ ಹಾಗೆ ಕಾಣುವ ಚಿತ್ರ ತಂದಳು.

ಚಿತ್ರ ಚೆಂದವಿತ್ತು. ಫಾಲ್ಸ್ ಸೀಲಿಂಗು, ಅದರ ಅಂಚಿನಲ್ಲಿ ಹಳದಿ ಬೆಳಕು, ಗಾಜಿನ ಬಾಗಿಲಿನ ಪುಸ್ತಕದ ಕಪಾಟು, ತಿರುಗುವ ಕುರ್ಚಿ, ದಿಂಬು ಜೋಡಿಸಿದ ದಿವಾನ, ಈಶಾನ್ಯ ಮೂಲೆಯಲ್ಲಿ ಪೂಜಾ ಯೂನಿಟ್. ಮೇಷ್ಟ್ರ ಮನೆಯಲ್ಲಿ ದೇವರ ಪೂಜೆ ನಿಂತು ಇಪ್ಪತ್ತು ವರ್ಷವಾಗಿದೆ. ಅದನ್ನು ಆ ಹುಡುಗಿ ಕೇಳಿರಲಿಲ್ಲ, ಕೇಳಬೇಕು ಅಂತ ಅವಳಿಗೆ ಯಾರೂ ಕಲಿಸಿರಲಿಲ್ಲ. ಮನೆ ಅಂದ ಮೇಲೆ ಈಶಾನ್ಯದಲ್ಲಿ ದೇವರು. ಕಂಪ್ಯೂಟರಿನಲ್ಲಿ ಅಚ್ಚು ರೆಡಿ ಇದೆ, ಒತ್ತಿದರೆ ಬೀಳುತ್ತದೆ. ಅವಳಲ್ಲಿ ಜಾತಿಯ ಕೊಬ್ಬಿತ್ತು ಅಂತ ನಾವು ಹೇಳಲಾರೆವು. ಅಚ್ಚಿನಲ್ಲಿ ಇತ್ತು. ವ್ಯಕ್ತಿಯಲ್ಲಿ ಕೊಬ್ಬಿಲ್ಲದಿದ್ದರೂ ಅಚ್ಚು ತನ್ನ ಕೆಲಸ ಮಾಡಿಕೊಂಡು ಹೋಗುವುದಕ್ಕೇ ವ್ಯವಸ್ಥೆ ಅಂತ ಹೆಸರು.

ಎರಡನೇ ವಿಷಯ ರೊಕ್ಕ. ಆ ಒಂದು ಕೋಣೆಯ ಒಳಗಿನ ಕೆಲಸಕ್ಕೆ ೧ ಲಕ್ಷ ೮೦ ಸಾವಿರ ಅಂತ ಎಸ್ಟಿಮೇಟು. ೨೦೧೬ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಒಂದು ಇಡೀ ಮನೆಗೆ ಗೊತ್ತುಮಾಡಿದ ನೆರವು ೧ ಲಕ್ಷ ೨೦ ಸಾವಿರ. ಮನೆಯ ಕನಿಷ್ಠ ಅಳತೆ, ಅಡುಗೆ ಜಾಗವೂ ಸೇರಿ, ೨೫ ಚದರ ಮೀಟರ್. ಅದಕ್ಕೂ ಮುಂಚೆ ೨೦ ಇತ್ತು. ಆ ೨೫ ಚದರ ಮೀಟರಿನಲ್ಲಿ ಮುದುಕರು ಎಲ್ಲಿ ಮಲಗಬೇಕು, ಓದುವ ಹುಡುಗಿ ಎಲ್ಲಿ ಕೂರಬೇಕು ಅಂತ ನೋಡಲು ಲೇಸರ್ ಟೇಪು ಹಿಡಿದ ಯಾರೂ ಆ ಹಟ್ಟಿಗೆ ಬರುವುದಿಲ್ಲ. ನಮ್ಮನ್ನು ಬೈಯುವ ಗೆಳೆಯರ ಸಿಟ್ಟು ಇಲ್ಲಿ ಸರಿಯಾದ ಜಾಗಕ್ಕೆ ತಗಲುತ್ತದೆ. ಆದರೆ ಅದರಿಂದ ಹೊರಡಬೇಕಾದ ಬೇಡಿಕೆ ಯಾವುದು? ಮೇಷ್ಟ್ರಿಗೆ ಡಿಸೈನರ್ ಬೇಡ ಅಂತಲೋ, ಹಟ್ಟಿಗೂ ಬರಲಿ ಅಂತಲೋ? ಬಡತನದಲ್ಲಿ ಸಮಾನರಾಗಿರೋಣ ಅನ್ನುವುದು ಉಂಡವರು ಉಪವಾಸದವರಿಗೆ ಹೇಳಿಕೊಟ್ಟ ಸಮಾನತೆ.

ಕೋಣೆಯ ಬೆಲೆ ಏನು ಅನ್ನೋದನ್ನ ಬಾಬಾಸಾಹೇಬರ ಬದುಕಿಗಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಮುಂಬಯಿಯ ಪರೇಲಿನ ಚಾಳಿನಲ್ಲಿ ಹುಡುಗ ಭೀಮರಾವ್ ಓದುವಾಗ ಇದ್ದದ್ದು ಒಂದೇ ಕೋಣೆ. ಅಡುಗೆ, ಸಾಮಾನು, ಹೊಗೆ, ಸಂಸಾರ ಎಲ್ಲ ಅಲ್ಲೇ. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಆ ಕೋಣೆಯ ವಿವರವಿದೆ. ತಂದೆ ರಾಮಜಿ ಸಂಜೆಯೇ ಮಗನನ್ನು ಮಲಗಿಸಿ ರಾತ್ರಿ ಎರಡು ಗಂಟೆಯವರೆಗೆ ತಾವು ಎದ್ದು ಕೂತಿರುತ್ತಿದ್ದರು. ಆಮೇಲೆ ಮಗನನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದರು. ತಲೆದೆಸೆಯಲ್ಲಿ ಬೀಸುವ ಕಲ್ಲು, ಕಾಲ ಕಡೆ ಆಡು, ಗಾಜಿಲ್ಲದ ಎಣ್ಣೆದೀಪ. ಜಾಗ ಇಲ್ಲದಿದ್ದಾಗ ಆ ತಂದೆ ಹೊತ್ತನ್ನೇ ಕತ್ತರಿಸಿ ಮಗನಿಗೊಂದು ಕೋಣೆ ಮಾಡಿಕೊಟ್ಟರು. ಇದನ್ನೂ ನಾವು ವಿನ್ಯಾಸ ಅಂತಲೇ ಕರೆಯುತ್ತೇವೆ.

ಎರಡನೆಯ ಕೋಣೆ ಬರೋಡಾದ್ದು, ೧೯೧೭. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಮನುಷ್ಯನಿಗೆ ಆ ಊರಿನಲ್ಲಿ ಹಿಂದೂ ಹೋಟೆಲು ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿ ವಸತಿಗೃಹದ ಮಹಡಿಯಲ್ಲಿ ಉಳಿದರು, ದಿನಕ್ಕೆ ಒಂದೂವರೆ ರೂಪಾಯಿ. ಮಲಗಲು ಚಿಕ್ಕ ಕೋಣೆ, ಅದರಾಚೆ ದೊಡ್ಡ ಹಜಾರದ ತುಂಬ ಹಲಗೆ, ಬೆಂಚು, ಮುರಿದ ಕುರ್ಚಿಗಳ ರಾಶಿ. ವಿದ್ಯುತ್ತಿಲ್ಲ. ಒಂದು ಲಾಟೀನು, ಅದರ ಬೆಳಕು ಪಕ್ಕದ ಗೋಡೆಯವರೆಗೂ ಹೋಗುತ್ತಿರಲಿಲ್ಲ. ಹನ್ನೊಂದನೇ ದಿನ ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಮೇಲೆ ಬಂದು ಹೊರಹಾಕಿದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಅಂಥ ಕತ್ತಲೆಯ, ಗುಜರಿ ತುಂಬಿದ ಜಾಗವನ್ನೂ ಬಿಟ್ಟು ಹೋಗಲು ಅವರಿಗೆ ಮನಸ್ಸಿರಲಿಲ್ಲ ಅನ್ನುವ ಭಾಗ ಓದಿದಾಗ ಎದೆ ಒಡೆಯುತ್ತದೆ. ಅಷ್ಟು ಕೆಟ್ಟ ಕೋಣೆಗೂ ಬೇರೆ ಗತಿಯಿರಲಿಲ್ಲ.

ಮೂರನೆಯದು ರಾಜಗೃಹ. ೧೯೩೦ರ ದಶಕದ ಮೊದಲ ವರ್ಷಗಳಲ್ಲಿ ದಾದರಿನ ಹಿಂದೂ ಕಾಲೊನಿಯಲ್ಲಿ ಅವರು ಕಟ್ಟಿಸಿದ ಮನೆ. ಮಗಧದ ಹಳೆಯ ರಾಜಧಾನಿಯ ಹೆಸರು. ಸಂಸಾರ ಕೆಳಗೆ, ಮೇಲಿನ ಮಹಡಿ ಪುಸ್ತಕಕ್ಕೆ ಮತ್ತು ಕೆಲಸಕ್ಕೆ. ಬರುಬರುತ್ತ ಅಲ್ಲಿ ೫೦ ಸಾವಿರಕ್ಕೂ ಹೆಚ್ಚು ಪುಸ್ತಕ ಸೇರಿದವು ಅಂತಾರೆ. ಬೀಸುವ ಕಲ್ಲಿನ ಪಕ್ಕದಲ್ಲಿ ಓದಿದ ಹುಡುಗ ದೊಡ್ಡವನಾದ ಮೇಲೆ ಮನೆಯ ತಲೆಯ ಮೇಲೆ ಇಟ್ಟದ್ದು ದೇವರನ್ನಲ್ಲ, ಪುಸ್ತಕವನ್ನು. ಅದಕ್ಕೆ ಖರ್ಚಾದ ದುಡ್ಡನ್ನು ಯಾರಾದರೂ ಶೋಕಿ ಅನ್ನುತ್ತಾರೆಯೇ? ಆ ಮನೆ ಬರೀ ಇಟ್ಟಿಗೆಯಲ್ಲ ಅಂತ ಶತ್ರುಗಳಿಗೂ ಗೊತ್ತಿತ್ತು. ೨೦೨೦ರ ಜುಲೈನಲ್ಲಿ ಯಾರೋ ನುಗ್ಗಿ ಕಿಟಕಿ ಗಾಜು ಒಡೆದರು, ಹೂಕುಂಡಗಳನ್ನು ಒಡೆದರು.

ಈ ಮೂರು ಕೋಣೆಗಳನ್ನು ಮುಂದಿಟ್ಟುಕೊಂಡು ನಾವು ಡಿಸೈನರ್ ಹುಡುಗಿಯ ಜೊತೆ ಮತ್ತೆ ಕೂತೆವು. ನಿಮ್ಮ ಚಿತ್ರ ಬೇಡ ಅಂತ ಹೇಳಲಿಲ್ಲ. ಇದರೊಳಗೆ ಇರುವವರನ್ನು ಒಬ್ಬೊಬ್ಬರನ್ನಾಗಿ ಕೇಳಿ, ಆಮೇಲೆ ಗೆರೆ ಎಳೆಯಿರಿ ಅಂದೆವು. ಆಕೆ ಬೇಸರಪಡಲಿಲ್ಲ, ಅದು ಆಕೆಯ ದೊಡ್ಡತನ. ಮೇಷ್ಟ್ರ ಅಪ್ಪನ ಹತ್ತಿರ ಹೋದಳು. ಅಜ್ಜ ಗೋಡೆ ಪಕ್ಕ ನೆಲಕ್ಕೆ ಕೂತಿದ್ದರು. ಕುರ್ಚಿಯಲ್ಲಿ ಕೂತರೆ ಅವರಿಗೆ ಕಾಲು ಜೋಮು ಹಿಡಿಯುತ್ತದೆ. “ನಿಮಗೆ ಈ ರೂಮಲ್ಲಿ ಏನೇನು ಬೇಕು ತಾತ?” ಅಂದಳು. ಅಜ್ಜ ಬಹಳ ಹೊತ್ತು ಸುಮ್ಮನಿದ್ದು ಅಂದದ್ದು ಇಷ್ಟು: “ಒರಗ್ಕಳಕ ಒಂದು ಗೋಡ ಬುಟ್ರೆ ಸಾಕು ಕನವ್ವ. ಬಾಗ್ಲುಗ ಒಳಗಿಂದ ಹಾಕಳ ಹಂಗ ಒಂದು ಅಗಳಿ ಇರ್ಲಿ.”

ಮೇಷ್ಟ್ರ ಅಪ್ಪ ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಜೀತಕ್ಕೆ ಹೋದವರು. ೧೯೭೬ರ ಜೀತ ರದ್ದು ಕಾಯ್ದೆ ಬಂದ ಮೇಲೂ ಅದು ಅವರ ಊರಿಗೆ ತಲುಪಲು ವರ್ಷಗಳು ಹಿಡಿದವು. ಮಲಗುತ್ತಿದ್ದದ್ದು ಧಣಿಯ ಕೊಟ್ಟಿಗೆಯಲ್ಲಿ, ದನದ ಜೊತೆ. ಕೊಟ್ಟಿಗೆಗೂ ಬಾಗಿಲಿತ್ತು, ಅಗಳಿಯೂ ಇತ್ತು. ಹೊರಗಡೆ ಇತ್ತು. ಮಧ್ಯರಾತ್ರಿ ಯಾರು ಬೇಕಾದರೂ ತೆಗೆದು ಕಾಲಲ್ಲಿ ಎಬ್ಬಿಸಬಹುದಿತ್ತು. ಮದುವೆಯಾದ ಮೇಲಿನ ಗುಡಿಸಲಿಗೆ ತಡಿಕೆ ಬಾಗಿಲು, ನಾಯಿ ತಳ್ಳಿದರೂ ತೆರೆಯುತ್ತಿತ್ತು. ಅರವತ್ತೈದು ವರ್ಷದ ಬದುಕಿನಲ್ಲಿ ತಾನಾಗಿ ಮುಚ್ಚಿ, ತಾನಾಗಿ ತೆರೆಯುವ ಬಾಗಿಲು ಆ ಮನುಷ್ಯನಿಗೆ ಸಿಕ್ಕಿರಲಿಲ್ಲ. ಲೇಸರ್ ಟೇಪು ಇದನ್ನು ಅಳೆಯಲಾರದು. ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಇಂಗ್ಲೆಂಡಿನ ವರ್ಜಿನಿಯಾ ವುಲ್ಫ್ ೧೯೨೯ರ ತನ್ನ ಪುಸ್ತಕದಲ್ಲಿ ಹೆಂಗಸು ಬರೆಯಬೇಕಾದರೆ ವರ್ಷಕ್ಕೆ ೫೦೦ ಪೌಂಡು ಮತ್ತು ಬೀಗವಿರುವ ಒಂದು ಕೋಣೆ ಬೇಕು ಅಂತ ವಾದಿಸಿದಳು. ಕಾಲೇಜುಗಳಲ್ಲಿ ಅದನ್ನು ಪಾಠ ಮಾಡುವವರು ಬಹಳ ಜನ. ಆ ಲೇಖಕಿಯ ಮನೆಯಲ್ಲಿ ನೆಲ್ಲಿ ಬಾಕ್ಸಾಲ್ ಅನ್ನುವ ಅಡುಗೆಯಾಕೆ ೧೯೧೬ರಿಂದ ೧೯೩೪ರವರೆಗೆ ದುಡಿದಳು, ಇಬ್ಬರಿಗೂ ಸದಾ ಜಗಳ. ವುಲ್ಫ್ ಕೇಳಿದ್ದು ಸುಳ್ಳಲ್ಲ, ನಮ್ಮ ಹೆಣ್ಣುಮಕ್ಕಳೂ ಅದನ್ನೇ ಕೇಳಬೇಕು. ಆದರೆ ಬೀಗದ ಕೋಣೆಯನ್ನು ಗುಡಿಸುವವಳಿಗೆ ಬೀಗದ ಕೋಣೆ ಎಲ್ಲಿ ಅನ್ನುವ ಪ್ರಶ್ನೆ ಹಾಗೇ ಬಾಕಿ ಬಿದ್ದಿದೆ.

ಅದು ನಮ್ಮ ಮುಂದೆಯೂ ಬಂತು. ಮೇಷ್ಟ್ರ ಮನೆಗೆ ಬೆಳಿಗ್ಗೆ ಒಂದು ಹೊತ್ತು ಪಾತ್ರೆ ತೊಳೆಯಲು ಒಬ್ಬ ಹೆಂಗಸು ಬರುತ್ತಾಳೆ, ನಮ್ಮ ಕೇರಿಯವಳೇ. ಕೆಲಸ ಮುಗಿಸಿ ಕಾಫಿ ಕುಡಿಯುವಾಗ ಎಲ್ಲಿ ಕೂರಬೇಕು? ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕೆಲಸದವರಿಗೆ ಬೇರೆ ಲಿಫ್ಟು ಇಟ್ಟಿರುವುದನ್ನು ನಾವು ಭಾಷಣಗಳಲ್ಲಿ ಬೈದಿದ್ದೇವೆ. ನಮ್ಮದೇ ನೌಕರಿಯವರ ಕೆಲವು ಮನೆಗಳಲ್ಲಿ ಹಿತ್ತಲ ಗೂಡಿನಲ್ಲಿ ಬೋರಲು ಹಾಕಿದ ಒಂಟಿ ಲೋಟವನ್ನೂ ಕಂಡಿದ್ದೇವೆ. ಅದನ್ನು ಕಂಡು ಕಾಣದವರ ಹಾಗೆ ಬರುವುದು ಇನ್ನು ಸಾಧ್ಯವಿಲ್ಲ. ಕೆಳಗಿನವನು ಮೇಲೆ ಹತ್ತಿದ ಮೇಲೆ ಏಣಿಯನ್ನು ಎಳೆದುಕೊಳ್ಳುವುದು ಬ್ರಾಹ್ಮಣ್ಯದ ಗೆಲುವೇ ಹೊರತು ನಮ್ಮ ಗೆಲುವಲ್ಲ. ಮೇಷ್ಟ್ರ ಹೆಂಡತಿ ಈ ಚರ್ಚೆಯನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ಊಟದ ಟೇಬಲ್ಲಿಗೆ ಐದು ಕುರ್ಚಿ ಹಾಕ್ಸಿ, ನಾವು ನಾಲ್ಕೇ ಜನ.” ಇದಕ್ಕೆ ಸಿದ್ಧಾಂತ ಬೇಕಾಗಲಿಲ್ಲ.

ಇನ್ನು ಬಡಗಿಗಳು. ಇಂಥ ಕೆಲಸಕ್ಕೆ ಬರುವವರಲ್ಲಿ ರಾಜಸ್ಥಾನದಿಂದ, ಉತ್ತರಪ್ರದೇಶದಿಂದ ಬಂದ ಹುಡುಗರೇ ಹೆಚ್ಚು. ಪ್ಲೈವುಡ್ ಕುಯ್ಯುವ ಧೂಳು ಮೂಗು ಬಾಯಿ ಎಲ್ಲ ತುಂಬಿಕೊಂಡು, ರಾತ್ರಿ ಅದೇ ಕೋಣೆಯಲ್ಲಿ ಮರದ ಪುಡಿಯ ಮೇಲೆ ಚಾಪೆ ಹಾಸಿ ಮಲಗುತ್ತಾರೆ. ಪ್ರತಿ ಹೊಸ ಕೋಣೆಯ ಮೊದಲ ನಿದ್ದೆ ಅವರದು. ಪಾಲಿಶ್ ಮುಗಿದ ಮರುದಿನ ಅವರು ಬಾಗಿಲ ಹೊರಗೆ ನಿಂತು ಬಾಕಿ ಕೂಲಿ ಕೇಳುತ್ತಾರೆ. ಅಂಗಳಕ್ಕಿಳಿದ ನಮ್ಮ ತಾತಂದಿರ ಕತೆಯೇ ಬೇರೆ ಭಾಷೆಯಲ್ಲಿ ನಡೆಯುತ್ತಿದೆ. ಕೂಲಿ ಡಿಸೈನರ್ ಮೂಲಕ ಹೋಗುತ್ತದಲ್ಲ, ನಮಗೇನು ಸಂಬಂಧ ಅನ್ನುವಂತಿಲ್ಲ. ಅವರಿಗೆ ಮೂಗಿಗೆ ಕಟ್ಟುವ ಮುಖವಾಡ, ಮಲಗಲು ಧೂಳಿಲ್ಲದ ಬೇರೆ ಜಾಗ, ವಾರದ ಕೂಲಿ ವಾರಕ್ಕೆ, ಇಷ್ಟನ್ನು ಎಸ್ಟಿಮೇಟಿನಲ್ಲೇ ಬರೆಸಬೇಕು ಅಂತ ನಾವು ಹಟ ಹಿಡಿದೆವು. ಮೇಷ್ಟ್ರಿಗೆ ಎಂಟು ಸಾವಿರ ಜಾಸ್ತಿಯಾಯಿತು. ಫಾಲ್ಸ್ ಸೀಲಿಂಗು ಕೈಬಿಟ್ಟಾಗ ಅದು ಹೊಂದಿಕೊಂಡಿತು.

ಕೆಲವು ಲೌಕಿಕದ ಮಾತುಗಳನ್ನೂ ಬರೆದುಬಿಡುತ್ತೇವೆ, ಹಳ್ಳಿಯ ಮೇಷ್ಟ್ರುಗಳಿಗೆ ಉಪಯೋಗವಾದೀತು. ಪ್ಲೈವುಡ್ಡಿನಲ್ಲಿ ಐಎಸ್ ೩೦೩ ಅನ್ನೋದು ಸಾಮಾನ್ಯ ಬಳಕೆಯದು, ಐಎಸ್ ೭೧೦ ನೀರು ತಡೆಯುವ ಜಾತಿ. ಒಣಗಿದ ಕೋಣೆಯ ಪುಸ್ತಕದ ಕಪಾಟಿಗೆ ದುಬಾರಿ ಎರಡನೆಯದು ಬೇಕಿಲ್ಲ. ಪುಸ್ತಕದ ಭಾರ ಕಮ್ಮಿಯಲ್ಲ, ೧೮ ಮಿಲಿಮೀಟರ್ ಹಲಗೆಯನ್ನು ಎರಡೂವರೆ ಅಡಿಗಿಂತ ಉದ್ದಕ್ಕೆ ಆಸರೆಯಿಲ್ಲದೆ ಬಿಟ್ಟರೆ ವರ್ಷದೊಳಗೆ ನಡು ಬಾಗುತ್ತದೆ. ಗಾಜಿನ ಬಾಗಿಲು ಅತಿಥಿಗೆ ಚೆಂದ, ಓದುವವನಿಗೆ ಅಡ್ಡಿ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಬೇಕು, ಮೇಜನ್ನು ಹಾಗೆ ತಿರುಗಿಸಿದರೆ ಅರ್ಧ ದೀಪ ಉಳಿಯುತ್ತದೆ. ಅಂಗಡಿಯವರಿಂದ ಕಮಿಷನ್ ತಿನ್ನುವ ಡಿಸೈನರುಗಳು ಇದ್ದಾರೆ, ಸಾಮಾನಿನ ಬಿಲ್ಲು ನಮ್ಮ ಹೆಸರಿಗೇ ಇರಲಿ ಅಂತ ಮೊದಲೇ ಹೇಳುವುದರಲ್ಲಿ ಅವಮಾನವೇನಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾಗದದ ನಕ್ಷೆ ನಮ್ಮ ಅಪ್ಪ ಅವ್ವಂದಿರಿಗೆ ಅರ್ಥವಾಗುವುದಿಲ್ಲ, ನಾಚಿಕೆಗೆ ಹೂಂ ಅಂದುಬಿಡುತ್ತಾರೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ನಿಜವಾದ ಅಳತೆಗೇ ಬರೆಸಿ. ಮಲಗಿ ನೋಡಲಿ, ಕೂತು ನೋಡಲಿ, ಕೈ ಎತ್ತಿ ನೋಡಲಿ. ಮೇಷ್ಟ್ರ ಮನೆಯಲ್ಲಿ ಹಾಗೆ ಬರೆದ ಮೇಲೆ ದಿವಾನ ಎಗರಿಹೋಯಿತು. ಆ ಜಾಗದಲ್ಲಿ ಒಂದೂವರೆ ಅಡಿ ಎತ್ತರದ ಅಗಲ ಕಟ್ಟೆ ಬಂತು, ಅಜ್ಜನಿಗೆ ಒರಗಲು ಗೋಡೆ ಬಂತು, ಪೂಜಾ ಯೂನಿಟ್ಟಿನ ಮೂಲೆ ಪುಸ್ತಕಕ್ಕೆ ಹೋಯಿತು.

ಬಾಬಾಸಾಹೇಬರ ಫೋಟೋದ ವಿಷಯದಲ್ಲಿ ಜಗಳವೇ ಆಯಿತು. ಬಾಡಿಗೆ ಮನೆಗಳಲ್ಲಿ ಮೇಷ್ಟ್ರು ಅದನ್ನು ಒಳಕೋಣೆಯಲ್ಲಿ ಇಟ್ಟುಕೊಂಡಿದ್ದರು. ಮನೆ ಮಾಲೀಕರು ಬಂದಾಗ ಕಣ್ಣಿಗೆ ಬೀಳದ ಹಾಗೆ. ನಮ್ಮಲ್ಲಿ ಎಷ್ಟು ಜನ ಹೀಗೆ ಮಾಡಿಲ್ಲ! ಈಗ ಓದುವ ಕೋಣೆಯಲ್ಲಿ ಇಡೋಣ, ಹಾಲಿನ ಬಣ್ಣಕ್ಕೆ ಆ ಫ್ರೇಮು ಹೊಂದಲ್ಲ ಅಂತ ಡಿಸೈನರ್ ಅಂದಳು. ಬಣ್ಣವನ್ನೇ ಬದಲಾಯಿಸ್ರಿ ಅಂದರು ಮೇಷ್ಟ್ರ ಹೆಂಡತಿ. ನಮ್ಮೊಳಗೇ ಒಬ್ಬರು ಎದ್ದು, ಪುಸ್ತಕದ ಜೊತೆ ಇರುವುದೇ ಅವರಿಗೆ ಮರ್ಯಾದೆ, ಹಾಲಿನಲ್ಲಿ ಹಾರ ಹಾಕಿ ಅವರನ್ನೂ ದೇವರು ಮಾಡಬೇಡಿ ಅಂದರು. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ಅಡಗಿಸಿ ಇಟ್ಟ ಇಪ್ಪತ್ತು ವರ್ಷಗಳ ಲೆಕ್ಕ ತೀರಬೇಕಾದರೆ ಒಂದಷ್ಟು ಕಾಲ ಹಾಲಿನಲ್ಲಿ, ಬಾಗಿಲು ತೆರೆದ ಕೂಡಲೇ ಕಾಣುವ ಕಡೆ ಇರಲಿ ಅನ್ನುವ ಕಡೆಗೆ ನಾವು ವಾಲಿದೆವು.

ನಿಜವಾದ ಕಷ್ಟ ಉಳಿದದ್ದು ಕೊನೆಗೆ. ಅಜ್ಜನ ಅಗಳಿ ಮತ್ತು ಮೊಮ್ಮಗಳ ಓದು. ಒಳಗಿಂದ ಹಾಕಿಕೊಳ್ಳುವ ಬಾಗಿಲು ಇಬ್ಬರಿಗೂ ಬೇಕು, ಇರುವುದು ಒಂದು. ಒಬ್ಬರು ಅರವತ್ತು ವರ್ಷ ಕಾದವರು, ಒಬ್ಬಳು ಈ ವರ್ಷ ತಪ್ಪಿದರೆ ಬದುಕೇ ದಾರಿ ತಪ್ಪುವವಳು. ಅನ್ಯಾಯ ಮಾಡಿದವನ ಎದುರು ನಿಂತಾಗ ನ್ಯಾಯ ಯಾವ ಕಡೆ ಅಂತ ಹೇಳುವುದು ಸುಲಭ. ಇಬ್ಬರೂ ಅನ್ಯಾಯ ಉಂಡವರೇ ಆಗಿ, ಇಬ್ಬರ ಬೇಡಿಕೆಯೂ ನ್ಯಾಯವೇ ಆದಾಗ ನಮ್ಮ ಘೋಷಣೆಗಳು ಬಾಯಿ ಕಟ್ಟಿಕೊಳ್ಳುತ್ತವೆ. ಮೊಮ್ಮಗಳು ಹೊಂದಿಕೊಂಡು ಹೋಗ್ತಾಳೆ ಬಿಡಿ ಅಂತ ಗಂಡಸರೊಬ್ಬರು ಅಂದರು. ಎಲ್ಲ ಮನೆಗಳಲ್ಲೂ ಎಲ್ಲ ಕಾಲದಲ್ಲೂ ಹೆಣ್ಣುಮಕ್ಕಳಿಗೆ ಹೇಳಿಕೊಂಡು ಬಂದ ಮಾತೇ ಅದು. ನಮ್ಮ ಬಳಗದ ಹೆಂಗಸರು ಅದನ್ನು ಅಲ್ಲೇ ತಡೆದರು. ಡಿಸೈನರ್ ಮಧ್ಯೆ ಜಾರುವ ಗೋಡೆ ಹಾಕೋಣ ಅಂದಳು. ೧೧೦ ಚದರಡಿ ಎರಡಾದರೆ ಒಬ್ಬೊಬ್ಬರಿಗೆ ೫೫. ವಾಸದ ಕೋಣೆ ಕನಿಷ್ಠ ಎಷ್ಟಿರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ೯.೫ ಚದರ ಮೀಟರಿನ ಸುಮಾರು ಅರ್ಧ. ಅಜ್ಜ ಒಪ್ಪಲಿಲ್ಲ: “ಇನ್ನೊಂದು ಗೋಡ ಎಬ್ಬುಸ್ಬ್ಯಾಡಿ.” ಹುಡುಗಿ ಪರದೆಗೆ ಒಪ್ಪಲಿಲ್ಲ. ಪರದೆಯನ್ನು ಯಾರು ಬೇಕಾದರೂ ಸರಿಸಬಹುದು ಅಂದಳು.

ಕೊನೆಗೆ ರಾಮಜಿಯವರ ದಾರಿಯೇ ದಾರಿಯಾಯಿತು. ಅಜ್ಜನಿಗೆ ಹೇಗೂ ನಾಲ್ಕು ಗಂಟೆಗೆ ಎಚ್ಚರ. ಎದ್ದು ಜಗಲಿಗೆ ಹೋಗಿ ಕೂರುತ್ತಾರೆ, ಅಲ್ಲಿಂದ ಬೆಳಿಗ್ಗೆ ಎಂಟರವರೆಗೆ ಅಗಳಿ ಹುಡುಗಿಯದು. ಕಾಲೇಜಿನಿಂದ ಬಂದ ಮೇಲೆ ರಾತ್ರಿ ಊಟದವರೆಗೂ ಅವಳದೇ. ಮಧ್ಯಾಹ್ನ ಮತ್ತು ರಾತ್ರಿ ಅಜ್ಜನದು. ಪರೀಕ್ಷೆಯ ತಿಂಗಳಲ್ಲಿ ರಾತ್ರಿ ಹನ್ನೊಂದರವರೆಗೂ ಅವಳಿಗೆ ಬಿಡುವುದು ಅಂತ ಅಜ್ಜನೇ ಹೇಳಿದ್ದಾರೆ, ಹಾಗೆ ಬಿಡುವಂತೆ ಅವರನ್ನು ಯಾರೂ ಒತ್ತಾಯಿಸಬಾರದು ಅಂತ ಹುಡುಗಿ ಹೇಳಿದ್ದಾಳೆ. ಕೂತ ಕಡೆಯಿಂದಲೂ ಕೈಗೆಟುಕುವ ಹಾಗೆ ಅಗಳಿಯನ್ನು ಮೂರಡಿ ಎತ್ತರಕ್ಕೆ ಹೊಡೆಸಲಾಯಿತು. ನಮ್ಮ ಭಾನುವಾರದ ಚರ್ಚೆಗೆ ಆ ಕೋಣೆಯಲ್ಲಿ ಜಾಗ ಉಳಿಯಲಿಲ್ಲ, ನಾವು ಈಗ ಹಜಾರದಲ್ಲಿ ಚಾಪೆ ಹಾಸಿಕೊಂಡು ಕೂರುತ್ತೇವೆ. ಗಟ್ಟಿಯಾಗಿ ಮಾತಾಡಿದರೆ ಒಳಗಿಂದ ಬಾಗಿಲು ತಟ್ಟುವ ಸದ್ದು ಬರುತ್ತದೆ.